ಬಾಗಿಲೆದುರಿನ ಕಂಬವೂ ಕೋಬೆ ಊರೂ

ಊರು ಬಿಡುವ ಮುಂಚೆ

ನನ್ನ ಪಾಸ್‌ಪೋರ್ಟು ಮಾಡಿಸಿದ್ದು ಪಶುಪತಿನಾಥನನ್ನು ನೋಡುವುದಕ್ಕೆ. ನಮ್ಮ ಬೀದಿಯ ಹೆಂಗಸರು ಸೇರಿ ನೇಪಾಳಕ್ಕೆ ಹೊರಟಿದ್ದೆವು. ನೇಪಾಳಕ್ಕೆ ಪಾಸ್‌ಪೋರ್ಟು ಬೇಕಾಗಿಲ್ಲ ಎಂದು ಅದು ಕೈಗೆ ಬಂದ ಮೇಲೆ ಗೊತ್ತಾಯಿತು. ಆಮೇಲೆ ಯಾತ್ರೆಯೇ ನಿಂತುಹೋಯಿತು. ಆ ಪುಸ್ತಕ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಬಿದ್ದಿತ್ತು. ಹಾಗಾಗಿ ಜಪಾನಿನಲ್ಲಿ ನನ್ನ ಮೊಮ್ಮಗಳು ಲಾವಣ್ಯ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಮನೆಯಲ್ಲಿ ಪಾಸ್‌ಪೋರ್ಟು ಇದ್ದವಳು ನಾನೊಬ್ಬಳೇ. ಅವಳಮ್ಮ ಚಿಂತಾಮಣಿಯಲ್ಲಿ ಶಾಲೆಯ ಟೀಚರು. ಪರೀಕ್ಷೆಯ ಸಮಯ, ರಜೆ ಕೊಡಲಿಲ್ಲ. ಅವಳಪ್ಪ, ಅಂದರೆ ನನ್ನ ಮಗ ಮುನಿರಾಜು, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದವನು. ನಾನು ಹೋಗುವುದೆಂದು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಲಾವಣ್ಯ ಅಲ್ಲಿ ಓದುವುದು ಏನೆಂದರೆ, ಭೂಮಿ ನಡುಗಿದಾಗ ಕಬ್ಬಿಣದ ಕಟ್ಟಡಗಳು ಹೇಗೆ ಬೀಳುತ್ತವೆ ಎನ್ನುವುದನ್ನು. ಕಟ್ಟುವುದನ್ನು ಓದಿದವರನ್ನು ನೋಡಿದ್ದೇನೆ. ಬೀಳುವುದನ್ನು ಓದುವವಳು ನಮ್ಮ ಮನೆಯಲ್ಲೇ ಹುಟ್ಟಿದಳು. ಊರಲ್ಲಿ ಯಾರಾದರೂ ವಿಚಾರಿಸಿದರೆ ಎಂಜಿನಿಯರು ಎಂದು ಹೇಳಿ ಮಾತು ಮುಗಿಸುತ್ತಿದ್ದೆ.

ಹೊರಡುವ ಮುಂಚೆ ನಡೆದ ಒಂದು ವಿಷಯ ಹೇಳಿಬಿಡಬೇಕು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮುನಿರಾಜು ಅಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವುದಕ್ಕೆ ಹೊಸ ಕಟ್ಟಡ ಎಬ್ಬಿಸುತ್ತಿದ್ದ. ಮೂರು ಅಂತಸ್ತು. ಕಂಬವೂ ಕಬ್ಬಿಣದ್ದು, ತೊಲೆಯೂ ಕಬ್ಬಿಣದ್ದು. ಕೆಳಗೆ ಹನ್ನೆರಡು ಹೆಂಗಸರು ಕೂತು ನೂಲು ತೆಗೆಯುವ ಜಾಗ, ನಡುವೆ ಗೂಡಿನ ಮೂಟೆ ಇಡುವ ಜಾಗ, ಮೇಲೆ ನಾವಿರುವ ಮನೆ, ಅದರ ತಲೆಯ ಮೇಲೆ ನೀರಿನ ಟ್ಯಾಂಕು. ಮುಂದೆ ಜಗಲಿಯಷ್ಟು ಜಾಗ ಬಿಟ್ಟು ಒಳಗೆ ಗೋಡೆ ಕಟ್ಟಿದ್ದರು. ಹಾಗಾಗಿ ಮುಂದಿನ ಸಾಲಿನ ನಡುಗಂಬ ಬಾಗಿಲಿಗೆ ನೇರ ಎದುರು ಬಂದು ನಿಂತಿತು.

ನನ್ನ ಗಂಡ ತೀರಿಕೊಂಡ ಹಳೇ ಮನೆಯಲ್ಲೂ ಬಾಗಿಲಿಗೆ ಎದುರು ಒಂದು ಮರದ ಕಂಬವಿತ್ತು. ಮೂವತ್ತೆಂಟಕ್ಕೇ ಹೋದರು. ಡಾಕ್ಟರು ಜ್ವರ ಎಂದರು, ಊರವರು ಕಂಬ ಎಂದರು. ಜ್ವರ ಬಂದು ಹೋಯಿತು, ಕಂಬ ಅಲ್ಲೇ ನಿಂತಿತ್ತು. ಹಾಗಾಗಿ ನಾನು ಕಂಬವನ್ನೇ ನಂಬಿದೆ.

ಹೊಸ ಕಟ್ಟಡದಲ್ಲಿ ಹೊಸಿಲು ಆಗಲೇ ಕೂಡಿಸಿಯಾಗಿತ್ತು. ಕೆಳಗೆ ನವಧಾನ್ಯ, ಒಂದು ಹವಳ, ಒಂದು ಚೂರು ಬೆಳ್ಳಿ ಹಾಕಿ ಪೂಜೆ ಮಾಡಿದವಳು ನಾನೇ. ಪೂಜೆಯಾದ ಹೊಸಿಲನ್ನು ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಕಿತ್ತರೆ ಕಂಬವನ್ನೇ ಕೀಳಬೇಕು. ವೆಲ್ಡಿಂಗ್ ಮಾಡುವ ಅಮ್ಜದ್‌ನನ್ನು ಕರೆದು ಹೇಳಿದೆ.

ಅವನು ಕಂಬದ ಮೇಲೆ ಕೈ ಇಟ್ಟುಕೊಂಡು ನಿಂತ. "ಅಮ್ಮಾ, ಇದನ್ನ ಕತ್ತರ್ಸೋದು ಬ್ಯಾಡ. ಇದು ಸುಮ್ನೆ ನಿಂತಿಲ್ಲ, ಹೊತ್ಕೊಂಡೈತೆ."

"ಮೇಲೆ ಒಂದು ದಪ್ಪ ತೊಲೆ ಹಾಕಪ್ಪ, ಅದು ಹೊತ್ಕೊಳ್ಳುತ್ತೆ."

"ಹಾಕ್ತೀನಿ. ಆದ್ರೂ ಬ್ಯಾಡ."

"ನಿಂಗೆ ಹೇಳಿದ್ದು ಕೆಲ್ಸ. ಬುದ್ಧಿ ಕೇಳಿಲ್ಲ."

ಕತ್ತರಿಸಿದ. ಕಟ್ಟಡ ಒಂದಿಷ್ಟೂ ಮಿಸುಕಲಿಲ್ಲ. ನಾನು ಅವನ ಮುಖ ನೋಡಿದೆ, ಅವನು ಬೀಡಿ ಹಚ್ಚಿದ. ಕತ್ತರಿಸಿದ ಕಂಬವನ್ನು ಗುಜರಿಗೆ ಹಾಕದೆ ಹಿಂದಿನ ಗೋಡೆಗೆ ಒರಗಿಸಿಟ್ಟ. ಯಾಕೋ ಎಂದರೆ, "ಇರ್ಲಿ ಅಮ್ಮಾ, ಅದೇನು ಊಟ ಕೇಳಲ್ಲ" ಎಂದ.

ಇದನ್ನು ಲಾವಣ್ಯಗೆ ಯಾರೂ ಹೇಳಲಿಲ್ಲ. ಓದುವ ಹುಡುಗಿಗೆ ಮನೆಯ ರಗಳೆ ಯಾಕೆ ಎಂದುಕೊಂಡೆವು. ಕಬ್ಬಿಣದ ಕಟ್ಟಡ ಬೀಳುವುದನ್ನೇ ಓದುತ್ತಿರುವ ಹುಡುಗಿ ನಮ್ಮ ಮನೆಯವಳೇ ಆಗಿದ್ದರೂ ನಾವು ಪಂಚಾಂಗದವರನ್ನು ಕೇಳಿದೆವು. ಪ್ರವೇಶದ ಪೂಜೆ ನಾನು ವಾಪಸು ಬಂದ ಐದನೇ ದಿನ ಎಂದು ಗೊತ್ತುಮಾಡಿದರು. ಮಾರನೇ ದಿನದಿಂದ ಹನ್ನೆರಡು ಹೆಂಗಸರು ಅದರ ಕೆಳಗೆ ಕೂರಬೇಕು. ನಾನು ಮೈಹಗುರಾಗಿ ವಿಮಾನ ಹತ್ತಿದೆ.

ಮುದ್ದೆ ಕೋಲು

ವಿಮಾನ ನಿಲ್ದಾಣ ನಮಗೆ ಬೆಂಗಳೂರಿಗಿಂತ ಹತ್ತಿರ. ನಮ್ಮ ಕಡೆಯ ಜಮೀನಿನ ಮೇಲೆ ದಿನಾ ವಿಮಾನ ಹೋಗುತ್ತದೆ. ಕೆಳಗಿನಿಂದ ನೋಡಿದಾಗ ಚೆನ್ನಾಗಿರುತ್ತದೆ. ಒಳಗೆ ಕೂತರೆ ಶಿಡ್ಲಘಟ್ಟದ ಬಸ್ಸು, ಕಿಟಕಿ ಮಾತ್ರ ತೆಗೆಯುವುದಕ್ಕಾಗುವುದಿಲ್ಲ.

ಜಪಾನಿನಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ರಾಗಿ ಹಿಟ್ಟು ಮೂಸಿದ. ಹುರಿಗಾಳು ಅಲ್ಲಾಡಿಸಿದ. ಆಮೇಲೆ ಮುದ್ದೆ ಕೋಲನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ಕನ್ನಡದಲ್ಲಿ ಹೇಳಿದೆ, ತಿಳಿಯಲಿಲ್ಲ. ತೆಲುಗಿನಲ್ಲಿ ಹೇಳಿದೆ. ಚಿಂತಾಮಣಿ ಸಂತೆಯಲ್ಲಿ ಈ ಉಪಾಯ ಯಾವತ್ತೂ ಕೈಕೊಟ್ಟಿಲ್ಲ. ಅಲ್ಲಿ ಕೈಕೊಟ್ಟಿತು. ಕೊನೆಗೆ ಕೋಲು ಇಸಕೊಂಡು, ಪಾತ್ರೆಯನ್ನು ಎರಡು ಕಾಲಿನಿಂದ ಒತ್ತಿ ಹಿಡಿದ ಹಾಗೆ ನಿಂತು, ಗಾಳಿಯಲ್ಲಿ ಮುದ್ದೆ ತೊಳಸಿ ತೋರಿಸಿದೆ. ಅವನೂ ಕೈಯನ್ನು ಹಾಗೇ ತಿರುಗಿಸಿದ. ನಾನು ತಲೆಯಾಡಿಸಿದೆ. ಬಿಟ್ಟುಬಿಟ್ಟ. ಏನೆಂದುಕೊಂಡನೋ ಗೊತ್ತಿಲ್ಲ.

ಹೊರಗೆ ಒಬ್ಬ ಮುದುಕಿ ನನ್ನ ಪಾಸ್‌ಪೋರ್ಟಿನ ಫೋಟೋ ದೊಡ್ಡದು ಮಾಡಿಸಿ ಹಿಡಿದುಕೊಂಡು ನಿಂತಿದ್ದರು. ಆ ಫೋಟೋದಲ್ಲಿ ನಾನು ಕಳ್ಳಿಯ ಹಾಗಿದ್ದೇನೆ. ಆದರೂ ಗುರುತು ಹಿಡಿದರು. ಅವರೇ ಸಾಚಿಕೊ, ಲಾವಣ್ಯಳ ಪಕ್ಕದ ಮನೆಯವರು. ನನಗಿಂತ ಎಂಟು ವರ್ಷ ದೊಡ್ಡವರು. ನನ್ನ ಪೆಟ್ಟಿಗೆಯನ್ನು ಅವರು ಎಳೆಯುವುದಕ್ಕೆ ಬಂದರು, ನಾನು ಬಿಡಲಿಲ್ಲ. ಇಬ್ಬರೂ ಎಳೆದುಕೊಂಡು ರೈಲಿನವರೆಗೂ ಹೋದೆವು.

ಕೋಬೆ, ಮೊದಲ ವಾರ

ಕೋಬೆಯಲ್ಲಿ ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ನಡುವೆ ಮನೆಗಳು. ನಂದಿ ಬೆಟ್ಟದ ಬುಡಕ್ಕೆ ಸಮುದ್ರ ತಂದಿಟ್ಟ ಹಾಗೆ. ಲಾವಣ್ಯಳ ಮನೆ ಆರನೇ ಅಂತಸ್ತು. ಮನೆ ಎಂದರೆ ನಮ್ಮ ಹಿತ್ತಿಲಿನ ಸೌದೆ ಕೊಟ್ಟಿಗೆಯಷ್ಟು. ಅದರೊಳಗೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಅತ್ತಳು. ಅಳಬೇಡ, ಮೊದಲು ಉಣ್ಣು ಎಂದೆ.

ಅಲ್ಲಿಯ ಜನ ರೈಲಿನಲ್ಲಿ ಮಾತಾಡುವುದಿಲ್ಲ. ನಾನು ಮುನಿರಾಜುಗೆ ಫೋನು ಮಾಡಿ, ಹಸುಗೆ ಹುಲ್ಲು ಹಾಕಿದೆಯೇನೋ ಎಂದು ಕೇಳಿದೆ. ಡಬ್ಬಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೂರನೇ ದಿನ ಬೆಳಗ್ಗೆ ಬಾಗಿಲ ಮುಂದೆ ನೀರು ಚೆಲ್ಲಿ ರಂಗೋಲಿ ಇಟ್ಟೆ. ಸ್ನಾನ ಮಾಡಿ ಬರುವಷ್ಟರಲ್ಲಿ ಯಾರೋ ಒರೆಸಿದ್ದರು. ನಾಲ್ಕನೇ ದಿನ ಮತ್ತೆ ಇಟ್ಟೆ, ಮತ್ತೆ ಒರೆಸಿದರು. ಐದನೇ ದಿನ ಕಟ್ಟಡ ನೋಡಿಕೊಳ್ಳುವ ಯಜಮಾನರು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದರು. ನಮ್ಮ ಮನೆಯ ಹಿಟ್ಟಿನ ಚೀಲ ದಿನಾ ತೂತಾಗಿ ಸೋರುತ್ತಿದೆಯೆಂದು ತಿಳಿದು, ಎರಡು ದಿನದಿಂದ ಅವರೇ ಗುಡಿಸಿ ಒರೆಸಿದ್ದರಂತೆ. ಅವತ್ತು ಒಂದು ಗಟ್ಟಿ ಡಬ್ಬಿ ತಂದುಕೊಟ್ಟರು. ಡಬ್ಬಿ ಚೆನ್ನಾಗಿತ್ತು, ಇಟ್ಟುಕೊಂಡೆ. ರಂಗೋಲಿಯನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಇಡತೊಡಗಿದೆ.

ಸಾಚಿಕೊ ಏನಾದರೂ ಕೊಡದೆ ಇರುವವರಲ್ಲ. ಒಂದು ದಿನ ನಾಲ್ಕು ಕಿತ್ತಳೆ ತಂದರು. ನಾನು ಹುರಿಗಾಳು ಕೊಟ್ಟೆ. ಹುರಿಗಾಳಿಗೆ ಬದಲಾಗಿ ಬಿಸ್ಕತ್ತು ಬಂತು. ಬಿಸ್ಕತ್ತಿಗೆ ನಿಪ್ಪಟ್ಟು ಹೋಯಿತು. ನಮ್ಮೂರಲ್ಲಿ ಮದುವೆಯ ಮುಯ್ಯಿ ಹೀಗೆ ನಡೆಯುತ್ತದೆ, ಆದರೆ ಅದಕ್ಕೆ ಮದುವೆಯಾದರೂ ಆಗಬೇಕು.

ಅವರ ಮನೆ ಬಾಗಿಲ ಪಕ್ಕ ಒಂದು ಚೀಲ ನೇತುಹಾಕಿದ್ದರು. ಒಳಗೆ ನೀರು, ಬ್ಯಾಟರಿ, ಸೀಟಿ, ಒಂದು ಜೊತೆ ಗಟ್ಟಿ ಬೂಟು. ಯಾವ ಊರಿಗೆ ಹೊರಟಿದ್ದಾರೆ ಎಂದು ಲಾವಣ್ಯಳನ್ನು ಕೇಳಿದೆ.

"ಎಲ್ಲಿಗೂ ಇಲ್ಲ ಅಜ್ಜಿ. ಭೂಕಂಪ ಆದ್ರೆ ಓಡಕ್ಕೆ."

"ಈ ವಯಸ್ಸಲ್ಲಿ ಎಲ್ಲಿಗೆ ಓಡ್ತಾರಂತೆ?"

"ಕೆಳಕ್ಕೆ."

ಹತ್ತನೇ ದಿನ

ಮಧ್ಯಾಹ್ನ ಹನ್ನೆರಡಕ್ಕೆ ಮುದ್ದೆ ತೊಳಸುತ್ತಿದ್ದೆ. ಲಾವಣ್ಯಳ ಫೋನು ಒಂದೇ ಸಮ ಕಿರಿಚಿತು. ಪಕ್ಕದ ಮನೆಯ ಫೋನೂ ಕಿರಿಚಿತು, ಮೇಲಿನದೂ ಕಿರಿಚಿತು.

"ಅಜ್ಜಿ! ಒಲೆ ಆಫ್ ಮಾಡು! ಮೇಜಿನ ಕೆಳಗೆ ಬಾ!"

ಒಲೆ ಆರಿಸಿದೆ. ಮೇಜಿನ ಕೆಳಗೆ ಅವಳು, ಅವಳ ಪಟ್ಟಿ ಕಟ್ಟಿದ ಕಾಲು, ಎರಡು ಊರುಗೋಲು. ನನಗೆ ಜಾಗವಿರಲಿಲ್ಲ. ಪಾತ್ರೆ ಹಿಡಿದುಕೊಂಡು ನಿಂತೆ. ನೆಲ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಕಟ್ಟಡ ಹೇರು ತುಂಬಿದ ಎತ್ತಿನ ಗಾಡಿಯ ಹಾಗೆ ಕಿರುಗುಟ್ಟಿತು. ಗಂಜಿ ಒಂದಿಷ್ಟು ಕಾಲಿನ ಮೇಲೆ ಚೆಲ್ಲಿತು. ಎಲೆ ಅಡಿಕೆ ಹಾಕಿ ಒಂದು ಸಲ ಉಗಿಯುವಷ್ಟು ಹೊತ್ತು. ಆಮೇಲೆ ನಿಂತಿತು.

"ಈ ಕಟ್ಟಡ ಯಾತರದ್ದು?" ಎಂದು ಕೇಳಿದೆ.

"ಇದೂ ಕಬ್ಬಿಣದ್ದೇ ಅಜ್ಜಿ. ಸ್ಟೀಲ್ ಫ್ರೇಮು."

"ಮತ್ತೆ ಬೀಳಲಿಲ್ವಲ್ಲ?"

"ಬಗ್ಗಿತಲ್ಲ, ಅದಕ್ಕೇ ಬೀಳಲಿಲ್ಲ. ಕಬ್ಬಿಣ ಬಗ್ಗಿ ಬಗ್ಗಿ ಏಟು ತಿನ್ನುತ್ತೆ. ಎಲ್ಲಾ ಕಂಬ ಸೇರಿ ತಿಂದ್ರೆ ಏನೂ ಆಗಲ್ಲ. ಒಂದೇ ಕಂಬದ ಮೇಲೆ ಬಿದ್ರೆ ಅದು ಸೋಲುತ್ತೆ. ಅದರದ್ದು ಪಕ್ಕದ್ದರ ಮೇಲೆ ಬೀಳುತ್ತೆ. ಅದೂ ಸೋಲುತ್ತೆ. ಹಂಗೇ ಸಾಲಾಗಿ ಹೋಗುತ್ತೆ."

ಮುದ್ದೆ ಗಂಟು ಕಟ್ಟಿತ್ತು. ಅದನ್ನೇ ಉಂಡೆವು. ನಾನು ಅರ್ಧ ತಟ್ಟೆಯಲ್ಲೇ ಬಿಟ್ಟೆ. ಗಂಟು ಮುದ್ದೆ ಅಲ್ಲವೇ ಎಂದುಕೊಂಡೆ.

ಸಾಚಿಕೊ ಅವರ ಮನೆಯ ಚಹಾ

ಮಾರನೇ ದಿನ ಸಾಚಿಕೊ ಚಹಾಕ್ಕೆ ಕರೆದರು. ಹಸಿರು ಚಹಾ. ಹಾಲಿಲ್ಲ, ಸಕ್ಕರೆಯಿಲ್ಲ, ಬೇವಿನ ಕಷಾಯದ ತಂಗಿ. ಲಾವಣ್ಯ ನಡುವೆ ಕೂತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ದಾಟಿಸುತ್ತಿದ್ದಳು.

ನಿನ್ನೆ ಹೆದರಿದಿರಾ ಎಂದು ಕೇಳಿದರು. ಗಂಜಿ ಚೆಲ್ಲಿತು ಎಂದೆ. ನಕ್ಕರು. ಆಮೇಲೆ ಅವರೇ ಹೇಳಿದರು.

ಹಿಂದೆ ಕೋಬೆಯಲ್ಲಿ ದೊಡ್ಡ ಭೂಕಂಪ ಆದಾಗ ಅವರ ಮನೆ ಕಬ್ಬಿಣದ ಕಂಬದ ಮೂರು ಅಂತಸ್ತಿನ ಕಟ್ಟಡವಂತೆ. ಕೆಳಗೆ ಗಂಡನ ಬಟ್ಟೆ ಅಂಗಡಿ, ಮೇಲೆ ಮನೆ. ಬೀದಿಯಲ್ಲಿ ಹೋಗುವವರಿಗೆ ಬಟ್ಟೆ ಚೆನ್ನಾಗಿ ಕಾಣಲಿ ಎಂದು ಅಂಗಡಿಯ ಮುಂಭಾಗದಲ್ಲಿ ಕಂಬ ಕಡಿಮೆ ಇಟ್ಟು ಪೂರ್ತಿ ಗಾಜು ಹಾಕಿಸಿದ್ದರಂತೆ. ಬೆಳಗಿನ ಜಾವ ಅಲ್ಲಾಡಿತು. ನಿಂತ ಮೇಲೆ ಇವರು ಇಳಿದು ಹೋಗೋಣವೆಂದು ಮೆಟ್ಟಿಲಿಗೆ ಬಂದರೆ ಮೆಟ್ಟಿಲೇ ಇಲ್ಲ. ಕಿಟಕಿ ತೆಗೆದರೆ ರಸ್ತೆ ಅಲ್ಲೇ ಇತ್ತು. ಇವರು ಮಹಡಿಯಿಂದ ಇಳಿಯಲೇ ಇಲ್ಲ, ಮಹಡಿಯೇ ಅಂಗಡಿಯ ಮೇಲೆ ಇಳಿದಿತ್ತು. ಕಿಟಕಿಯಿಂದ ಒಂದು ಹೆಜ್ಜೆ ಇಟ್ಟರೆ ಬೀದಿ. ಗೋಡೆಯ ಗಡಿಯಾರ ಮೊಳೆಯಲ್ಲೇ ಇತ್ತಂತೆ. ಗಾಜಿನ ಮೇಲೆ ಬರಿಗಾಲಲ್ಲಿ ನಡೆದರು. ಬೂಟು ಅದಕ್ಕೆ.

"ಕೆಳಗಡೆ ಯಾರಾದ್ರೂ ಇದ್ರಾ ಕೇಳು" ಎಂದೆ.

ಲಾವಣ್ಯ ಕೇಳಲಿಲ್ಲ. ಸಾಚಿಕೊ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವುದಕ್ಕೆ ಆಗುತ್ತಿರಲಿಲ್ಲ, ಕೆಳಗೆ ಅಂಗಡಿಯ ಹಿಂದೆ ಮಲಗುತ್ತಿದ್ದರು ಎಂದರು. ಇನ್ನೊಂದು ಲೋಟ ಚಹಾ ಬಗ್ಗಿಸಿದರು. ನಾನು ಕುಡಿದೆ. ಕಹಿ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಲಾವಣ್ಯಗೆ ಕಂಬದ ವಿಷಯ ಹೇಳಿಬಿಡೋಣ ಎಂದುಕೊಂಡೆ. ಹೇಳಲಿಲ್ಲ. ಲಾವಣ್ಯ ಅಪ್ಪನ ಮೇಲೆ ಕೂಗಾಡುತ್ತಾಳೆ, ಅವನು ನನ್ನ ಹೆಸರು ಹೇಳುತ್ತಾನೆ. ಅಲ್ಲದೆ ನಮ್ಮೂರು ಕೋಬೆ ಅಲ್ಲ. ಆದರೆ ಮಂಡಿಕಲ್ ಕಡೆ ನನ್ನ ತಂಗಿಯನ್ನು ಕೊಟ್ಟಿದೆ. ಕೆಲವು ವರ್ಷದ ಹಿಂದೆ ಅಲ್ಲಿ ನೆಲದೊಳಗೆ ಗುಡುಗಿದಂತಾಗಿ, ಅಟ್ಟದ ಪಾತ್ರೆ ಉರುಳಿ, ಜನ ಮನೆ ಬಿಟ್ಟು ಬೀದಿಯಲ್ಲಿ ಕೂತಿದ್ದರು. ಆಗ ನಾನು ಫೋನು ಮಾಡಿ, ಪಾತ್ರೆಯನ್ನು ಸರಿಯಾಗಿ ಜೋಡಿಸಲು ಬರದಿದ್ದರೆ ಭೂಮಿಯನ್ನು ಯಾಕೆ ಅನ್ನುತ್ತೀಯೇ ಎಂದು ಅವಳನ್ನು ಬೈದಿದ್ದೆ.

ಅಲ್ಲಾಡಿಸುವ ಶೆಡ್ಡು

ಲಾವಣ್ಯ ಕೆಲಸ ಮಾಡುವ ಜಾಗಕ್ಕೆ ಒಂದು ದಿನ ಹೋಗಲೇಬೇಕಾಯಿತು. ಎರಡು ಊರುಗೋಲು ಹಿಡಿದವಳಿಗೆ ಚೀಲ ಹೊರುವುದಕ್ಕೆ ಜನ ಬೇಕಲ್ಲ, ಹಾಗಾಗಿ ನಾನೂ ಹೋದೆ. ಬಾಗಿಲಲ್ಲೇ ಹೆಲ್ಮೆಟ್ ಕೊಟ್ಟರು. ತುರುಬಿನ ಮೇಲೆ ಕೂರಲಿಲ್ಲ. ತುರುಬು ಬಿಚ್ಚಿ ಜಡೆ ಹಾಕಿಕೊಂಡೆ. ಎಪ್ಪತ್ತೊಂದರಲ್ಲಿ ಜಡೆ.

ಅವಳ ಮೇಷ್ಟ್ರು ತಲೆ ನರೆತವರು. ಬಗ್ಗಿ ನಮಸ್ಕಾರ ಮಾಡಿದರು. ನಾನೂ ಬಗ್ಗಿದೆ. ಅವರು ಮತ್ತೆ ಬಗ್ಗಿದರು. ನಾನೂ ಮತ್ತೆ ಬಗ್ಗಿದೆ. ಯಾರು ನಿಲ್ಲಿಸಬೇಕೋ ಗೊತ್ತಾಗಲಿಲ್ಲ. ಸೊಂಟ ಹಿಡಿದುಕೊಂಡು ನಾನೇ ನಿಲ್ಲಿಸಿದೆ.

ಶೆಡ್ಡಿನ ನಡುವೆ ಒಂದು ದೊಡ್ಡ ಕಬ್ಬಿಣದ ಹಲಗೆ. ಅದನ್ನು ಯಂತ್ರದಿಂದ ಅಲ್ಲಾಡಿಸುತ್ತಾರೆ. ಅದರ ಮೇಲೆ ಎರಡಾಳೆತ್ತರದ ನಾಲ್ಕು ಅಂತಸ್ತಿನ ಕಟ್ಟಡ. ಗೋಡೆಯಿಲ್ಲ, ಬರೀ ಕಂಬ, ತೊಲೆ, ಅಂತಸ್ತಿಗೆ ಇಷ್ಟು ಎಂದು ಭಾರ. ಬಿದ್ದರೆ ಹಿಡಿದುಕೊಳ್ಳಲು ಮೇಲಿನಿಂದ ಸರಪಳಿ. ಕಂಬ ತೊಲೆಗೆಲ್ಲ ಸುಣ್ಣ ಬಳಿದಿದ್ದರು. ಇಲ್ಲೂ ಯುಗಾದಿಯೇ ಎಂದೆ.

"ಕಬ್ಬಿಣ ಎಲ್ಲಿ ಬಗ್ಗುತ್ತೋ ಅಲ್ಲಿ ಸುಣ್ಣ ಉದುರುತ್ತೆ ಅಜ್ಜಿ. ನೋಡಕ್ಕೆ ಸುಲಭ."

ಮೊದಲನೇ ಸಲ ಅಲ್ಲಾಡಿಸಿದರು. ತೊಲೆಗಳ ತುದಿಯಲ್ಲಿ ಸುಣ್ಣ ಉದುರಿತು. ಲಾವಣ್ಯ ಖುಷಿಯಾದಳು. "ಅಲ್ಲೇ ಉದುರ್ಬೇಕು. ತೊಲೆ ಮೊದಲು ಬಗ್ಗಬೇಕು, ಕಂಬ ಬಗ್ಗಬಾರದು. ತೊಲೆ ಬಗ್ಗಿದ್ರೆ ಮನೆ ವಕ್ರ ಆಗುತ್ತೆ. ಕಂಬ ಬಗ್ಗಿದ್ರೆ ಮನೆ ಇರಲ್ಲ."

ಎರಡನೇ ಸಲ ಜೋರಾಗಿ ಅಲ್ಲಾಡಿಸಿದರು. ಈಗ ಕೆಳಗಿನ ಕಂಬಗಳ ಬುಡದಲ್ಲಿ ಉದುರಿತು. ಹತ್ತಿರ ಹೋಗಿ ನೋಡಿದರೆ ಕಂಬದ ಬುಡ ಬಸುರಿಯ ಕಾಲಿನ ಹಾಗೆ ಬಾತಿತ್ತು.

ಮೂರನೇ ಸಲ ಮುಂದಿನ ಮೂಲೆಯ ಕಂಬ ಬಾತ ಜಾಗದಲ್ಲೇ ಮಡಿಚಿಕೊಂಡಿತು. ಅದು ಹೊತ್ತಿದ್ದು ಪಕ್ಕದ್ದಕ್ಕೆ ಹೋಯಿತು, ಅದೂ ಮಡಿಚಿಕೊಂಡಿತು. ಮೂರನೆಯದು ಇನ್ನು ನನ್ನಿಂದಾಗದು ಎನ್ನುವ ಹಾಗೆ ವಾಲಿತು. ಅಷ್ಟರಲ್ಲಿ ಹಲಗೆ ಅಲ್ಲಾಡುವುದು ಹೆಚ್ಚುಕಮ್ಮಿ ನಿಂತಿತ್ತು. ಆದರೂ ಕಟ್ಟಡ ನಿಲ್ಲಲಿಲ್ಲ, ತನ್ನ ಭಾರವೇ ತನ್ನನ್ನು ಎಳೆಯಿತು. ಮೇಲಿನ ಮೂರು ಅಂತಸ್ತಿಗೆ ಏನೂ ಆಗಲಿಲ್ಲ. ಇದ್ದ ಹಾಗೇ, ಎಮ್ಮೆ ಮುಂಗಾಲು ಮಡಿಸಿ ಮಲಗಿದಂತೆ ಕೆಳಗಿನ ಅಂತಸ್ತಿನ ಮೇಲೆ ಕೂತಿತು. ಸರಪಳಿ ಬಿಗಿಯಿತು.

ಸಾಚಿಕೊ ಹೇಳಿದ ಗಡಿಯಾರ ಜ್ಞಾಪಕಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ ನಮ್ಮ ಹಳೇ ಹುಳದ ಮನೆ ಜ್ಞಾಪಕಕ್ಕೆ ಬಂತು. ರೇಷ್ಮೆ ಹುಳದ ತಟ್ಟೆಗಳನ್ನು ಬಿದಿರಿನ ಸ್ಟ್ಯಾಂಡಿನಲ್ಲಿ ಐದು ಸಾಲು ಜೋಡಿಸಿಟ್ಟಿದ್ದೆವು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ದಪ್ಪಗಾಗಿ, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಒಂದು ಸ್ಟ್ಯಾಂಡಿನ ಒಂದು ಕಾಲನ್ನು ಗೆದ್ದಲು ತಿಂದಿತ್ತು. ಹುಳ ಚಿಕ್ಕದಿದ್ದಾಗ ಗೊತ್ತಾಗಲಿಲ್ಲ. ಹುಳ ದಪ್ಪಗಾದ ಮೇಲೆ ಆ ಕಾಲು ಮುರಿಯಿತು, ಪಕ್ಕದ ಕಾಲು ಮುರಿಯಿತು, ಆ ಸ್ಟ್ಯಾಂಡು ಮುಂದಿನ ಸ್ಟ್ಯಾಂಡಿನ ಮೇಲೆ ಬಿತ್ತು, ಅದು ಇನ್ನೊಂದರ ಮೇಲೆ. ನಾನು ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಬಾಗಿಲಲ್ಲಿ ನಿಂತು ನೋಡಿದೆ. ಕೂಗುವಷ್ಟೂ ಹೊತ್ತಿರಲಿಲ್ಲ. ನಾದಿನಿಯ ಕಣ್ಣು ತಾಗಿತು ಎಂದು ಎರಡು ವರ್ಷ ಅವಳನ್ನು ಮಾತಾಡಿಸಲಿಲ್ಲ. ಗೆದ್ದಲನ್ನು ಏನೂ ಅನ್ನಲಿಲ್ಲ.

ಪಕ್ಕದ ಮೇಜಿನ ಮೇಲೆ ಮಕ್ಕಳ ಆಟಿಕೆಯ ಹಾಗೆ ಇನ್ನೊಂದು ಕಟ್ಟಡವಿತ್ತು. ತೆಳ್ಳನೆಯ ಪಟ್ಟಿಯ ಕಂಬ, ಮೂರೇ ಅಂತಸ್ತು, ಕೈಯಿಂದ ತಿರುಗಿಸುವ ಹಿಡಿ. ಬಂದವರಿಗೆ ತೋರಿಸುವುದಕ್ಕೆ ಇಟ್ಟಿದ್ದಂತೆ. ನಾನು ಅದರ ಮುಂದೆ ನಿಂತೆ.

"ಮುಂದಿನ ಸಾಲಿನ ನಡುಗಂಬ ಇಲ್ದಿದ್ರೆ ಏನಾಗುತ್ತೆ ಅಂತ ಕೇಳು" ಎಂದೆ.

ಲಾವಣ್ಯ ಕೇಳಿದಳು. ಮೇಷ್ಟ್ರು ಆ ಕಂಬದ ಮೊಳೆ ಕಿತ್ತು ಕಂಬ ಹೊರಗೆಳೆದರು. ಕಟ್ಟಡ ನಿಂತೇ ಇತ್ತು.

"ನೋಡು, ನಿಂತೈತೆ" ಎಂದೆ. ಉಸಿರು ಬಂತು.

ಮೇಷ್ಟ್ರು ನಗುತ್ತಾ ಹಿಡಿಯನ್ನು ತೋರಿಸಿದರು. ತಿರುಗಿಸಿದೆ. ಮೂರು ಸುತ್ತು ತಿರುಗುವಷ್ಟರಲ್ಲಿ ಬಿತ್ತು. ಎತ್ತಿ ನಿಲ್ಲಿಸಿಕೊಟ್ಟರು. ಹಿಟ್ಟು ತೊಳಸುವ ಹಾಗೆ ನಿಧಾನವಾಗಿ ತಿರುಗಿಸಿದೆ. ಐದನೇ ಸುತ್ತಿನಲ್ಲಿ ಬಿತ್ತು. ಕಂಬ ವಾಪಸು ಕೂರಿಸಿ, ಈಗ ತಿರುಗಿಸಿ ಎಂದರು. ಕೈ ನೋಯುವವರೆಗೂ ತಿರುಗಿಸಿದೆ. ಬಗ್ಗಿತು, ನಡುಗಿತು, ಬೀಳಲಿಲ್ಲ.

"ಕಂಬ ತೆಗೆದು ಮೇಲೆ ದಪ್ಪ ತೊಲೆ ಹಾಕಿದ್ರೆ?"

ಮೇಷ್ಟ್ರು ಯೋಚನೆ ಮಾಡಿ, ದಪ್ಪನೆಯ ಪಟ್ಟಿ ಹುಡುಕಿ ತಂದು ಬಿಗಿದರು. ತಿರುಗಿಸಿದೆ. ದಪ್ಪ ತೊಲೆ ಅಲ್ಲಾಡಲೇ ಇಲ್ಲ, ನೆಟ್ಟಗಿತ್ತು. ಎರಡೂ ಪಕ್ಕದ ಕಂಬ ಮಡಿಚಿಹೋದವು. ಮೊದಲಿನದಕ್ಕಿಂತ ಬೇಗ.

ಲಾವಣ್ಯ ಊರುಗೋಲು ಊರಿಕೊಂಡು ನನ್ನ ಎದುರಿಗೆ ಬಂದಳು. "ಅಜ್ಜಿ, ಯಾವ ಕಟ್ಟಡದ ವಿಷ್ಯ ಕೇಳ್ತಾ ಇದೀಯ ನೀನು?"

"ನಮ್ದು."

"ಕಂಬ ತೆಗೆದ್ರಾ? ಯಾರು ತೆಗೆದಿದ್ದು?"

"ಅಮ್ಜದ್."

"ತೆಗೆಸಿದ್ದು ಯಾರು?"

"ನಾನು."

ಅವಳ ಮುಖ ಸುಣ್ಣದ ಹಾಗಾಯಿತು. ಮೇಷ್ಟ್ರು ಏನೂ ತಿಳಿಯದೆ ಮತ್ತೊಂದು ಸಲ ಬಗ್ಗಿದರು.

ಫೋನು

"ನಮ್ ಕಡೆ ಭೂಮಿ ಇಲ್ಲಿಯಷ್ಟು ಅಲ್ಲಾಡಲ್ಲ ಅಜ್ಜಿ" ಎಂದಳು ಮನೆಗೆ ಬಂದ ಮೇಲೆ. "ಆದ್ರೆ ನಮ್ ಕಟ್ಟಡಾನೂ ಇಲ್ಲಿಯಷ್ಟು ಗಟ್ಟಿ ಇಲ್ಲ. ಮೇಲೆ ಟ್ಯಾಂಕು, ನಡುವೆ ಮೂಟೆ, ಕೆಳಗೆ ಖಾಲಿ. ಮಂಡಿಕಲ್ಲಲ್ಲಿ ಪಾತ್ರೆ ಬೀಳಿಸಿದ್ದು ನಮ್ಮನೇಲಿ ಏನು ಬೀಳಿಸುತ್ತೋ ನಂಗೊತ್ತಿಲ್ಲ. ಗೊತ್ತಿಲ್ದೆ ಹನ್ನೆರಡು ಜನಾನ ಕೂರ್ಸಕ್ಕಾಗುತ್ತಾ?"

ಮುನಿರಾಜುಗೆ ಫೋನು ಮಾಡಿದೆ.

"ಲೇ ಮುನಿರಾಜು, ಆ ಕಂಬ ವಾಪಸು ನಿಲ್ಲಿಸ್ಬೇಕು ಕಣೋ."

"ಏನಮ್ಮಾ ನೀನು? ಬೇಡ ಅಂದೋಳು ನೀನೇ. ಅಲ್ಲಿ ಏನ್ ತಿಂದೆ?"

"ಮುದ್ದೇನೇ ತಿಂದೆ. ನಿಲ್ಸು."

"ಬಾಗಿಲಿಗೆ ಎದ್ರು ಕಂಬ ಬರುತ್ತಲ್ಲಮ್ಮಾ. ಅಪ್ಪನ ವಿಷ್ಯ ನೀನೇ ತಾನೇ ಯಾವಾಗ್ಲೂ ಹೇಳ್ತಿದ್ದಿದ್ದು?"

ಅವನಿಗೆ ಈಗ ಐವತ್ತು. ಅವನಪ್ಪ ದಾಟದ ವಯಸ್ಸನ್ನು ದಾಟಿ ಎಷ್ಟೋ ವರ್ಷವಾಗಿದೆ. ಆದರೂ ಅವನು ಜ್ವರ ಎಂದು ಮಲಗಿದರೆ ನಾನು ಈಗಲೂ ಎದ್ದು ಹೋಗಿ ಬಾಗಿಲ ಎದುರು ಏನಿದೆ ಎಂದು ನೋಡುತ್ತೇನೆ. ಕಂಬ ನಿಲ್ಲಿಸಿದರೆ ಮಗ. ನಿಲ್ಲಿಸದಿದ್ದರೆ ಹನ್ನೆರಡು ಹೆಂಗಸರು. ಲಾವಣ್ಯ ನನ್ನನ್ನೇ ನೋಡುತ್ತಿದ್ದಳು.

"ಗೋಡೆ ಏನಾದ್ರೂ ಹೊರುತ್ತೇನೇ?" ಎಂದು ಅವಳನ್ನು ಕೇಳಿದೆ.

"ಯಾವ್ ಗೋಡೆ?"

"ಬಾಗಿಲಿರೋ ಗೋಡೆ ಕಣೇ."

"ಇಲ್ಲ ಅಜ್ಜಿ. ಅದು ಸುಮ್ನೆ ಮರೆ. ಹೊರೋದೆಲ್ಲ ಕಂಬ, ತೊಲೆ."

ಫೋನಿನಲ್ಲಿ ಹೇಳಿದೆ. "ಮುನಿರಾಜು, ಕಂಬ ನಿಲ್ಸು. ಬಾಗಿಲು ಕೀಳು. ಮೂರು ಮಾರು ಎಡಕ್ಕೆ ಇಡು."

ಅವನು ಮೆಲ್ಲಗೆ, "ಹೊಸಿಲು ಪೂಜೆ ಆಗೋಗಿದೆ ಕಣಮ್ಮಾ. ಕೂಡ್ಸಿರೋ ಹೊಸಿಲು ಯಾರಮ್ಮಾ ಕೀಳ್ತಾರೆ? ಜನ ಏನಂತಾರೆ?"

"ಮುದುಕಿ ಜಪಾನಿಗೆ ಹೋಗಿ ಕೆಟ್ಟೋದ್ಳು ಅಂತಾರೆ. ಅನ್ಲಿ. ನಿಂಗೆ ಕೀಳಕ್ಕೆ ಭಯ ಆದ್ರೆ ಬಿಡು, ನಾನು ಬಂದು ಕೀಳ್ತೀನಿ. ಕೂಡ್ಸಿದೋಳೂ ನಾನೇ. ಅಷ್ಟರೊಳಗೆ ಕಂಬ ನಿಂತಿರ್ಲಿ. ಅಮ್ಜದ್‌ಗೆ ಕೊಡು ಫೋನು."

ಅಮ್ಜದ್ ಬಂದ. ಕಂಬ ಇದೆಯೇನೋ ಎಂದೆ.

"ಐತೆ ಅಮ್ಮಾ. ಒರಗಿಸಿದ ಜಾಗದಲ್ಲೇ ಐತೆ."

"ನೀನು ಹೇಳಿದ್ದು ಸರಿ ಕಣಪ್ಪ."

"ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ."

ಕೇಳಿಸಿತ್ತು ಅವನಿಗೆ. ಇನ್ನೊಂದು ಸಲ ಹೇಳಿದೆ. ಆಮೇಲೆ ಲಾವಣ್ಯ ಫೋನು ಇಸಕೊಂಡು ಒಂದು ಗಂಟೆ ಮಾತಾಡಿದಳು. ಕಟ್ಟಡ ಖಾಲಿ ಇರುವಾಗಲೇ ತೊಲೆಯನ್ನು ಜಾಕಿಯಿಂದ ಎತ್ತಿ ಕಂಬ ಕೂರಿಸುವುದು, ಬುಡಕ್ಕೆ ದಪ್ಪ ತಗಡು, ಎರಡೂ ಪಕ್ಕದ ಗೋಡೆಯಲ್ಲಿ ಗುಣಾಕಾರದ ಗುರುತಿನ ಹಾಗೆ ಅಡ್ಡಪಟ್ಟಿ, ಟ್ಯಾಂಕು ಇಳಿಸಿ ನೆಲದ ಮೇಲೆ. ಅಮ್ಜದ್ ಒಂದಕ್ಕೂ ಬೇಡ ಎನ್ನಲಿಲ್ಲ.

ಹೊರಡುವ ದಿನ

ಲಾವಣ್ಯಳ ಕಾಲಿನ ಪಟ್ಟಿ ಬಿಚ್ಚಿದರು. ಕೋಲಿಲ್ಲದೆ ನಾಲ್ಕು ಹೆಜ್ಜೆ ನಡೆದಳು. ಕುಂಟುತ್ತೀಯಾ ಎಂದೆ. ಸರಿಹೋಗುತ್ತೆ ಎಂದಳು. ಮುದ್ದೆ ಕೋಲನ್ನು ಅವಳಿಗೇ ಬಿಟ್ಟುಬಂದೆ, ಆ ಅಧಿಕಾರಿಗೆ ಇನ್ನೊಂದು ಸಲ ಕುಣಿದು ತೋರಿಸುವ ಶಕ್ತಿ ನನಗಿರಲಿಲ್ಲ.

ಸಾಚಿಕೊ ಒಂದು ಪೊಟ್ಟಣ ಕೊಟ್ಟರು. ವಿಮಾನದಲ್ಲಿ ಬಿಚ್ಚಿದೆ. ಬಾಗಿಲ ಪಕ್ಕ ನೇತುಹಾಕುವ ಚೀಲ. ಬ್ಯಾಟರಿ, ಸೀಟಿ, ನನ್ನ ಅಳತೆಯ ಬೂಟು. ಅಳತೆ ಯಾವಾಗ ತೆಗೆದುಕೊಂಡರೋ. ಬದಲಾಗಿ ಕೊಡುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಮುಯ್ಯಿ ನನ್ನ ಮೇಲೆಯೇ ಉಳಿಯಿತು.

ಊರು

ಕಂಬ ನಿಂತಿತ್ತು. ಬಾಗಿಲು ಹಾಗೇ ಇತ್ತು. ಮುನಿರಾಜು ಹಾರೆ ತಂದಿಟ್ಟುಕೊಂಡು ನನಗೆ ಕಾಯುತ್ತಿದ್ದ. ಅರ್ಧ ಊರು ನೋಡುವುದಕ್ಕೆ ಬಂದಿತ್ತು. ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ಕೈಮುಗಿದು, ಹಾರೆ ಹಾಕಿದೆ. ಎರಡನೇ ಏಟಿಗೆ ಎದ್ದಿತು. ಯಾರೋ ಹಿಂದಿನಿಂದ "ಅಯ್ಯೋ ಶಿವನೇ" ಎಂದರು. ಕೆಳಗೆ ಹವಳ ಸಿಕ್ಕಿತು, ಬೆಳ್ಳಿ ಸಿಗಲಿಲ್ಲ. ಗೆದ್ದಲು ಬೆಳ್ಳಿ ತಿನ್ನುವುದಿಲ್ಲ. ಯಾರು ಎಂದು ಕೇಳಲು ಹೋಗಲಿಲ್ಲ.

ಪೂಜೆ ಹದಿನೈದು ದಿನ ಮುಂದಕ್ಕೆ ಹೋಯಿತು. ಬಾಗಿಲು ಈಗ ಮೂರು ಮಾರು ಎಡಕ್ಕಿದೆ, ತೆಗೆದರೆ ಎದುರಿಗೆ ಪಕ್ಕದ ಮನೆಯವರ ತಿಪ್ಪೆ. ತಿಪ್ಪೆ ಎದುರಿಗಿದ್ದರೆ ಏನಾಗುತ್ತದೆ ಎಂದು ಪಂಚಾಂಗದವರನ್ನು ಕೇಳಲಿಲ್ಲ. ಮುನಿರಾಜುಗೆ ಹೋದ ವಾರ ಜ್ವರ ಬಂದಿತ್ತು. ಎದ್ದು ಹೋಗಿ ನೋಡಿದೆ, ಬಾಗಿಲ ಎದುರು ತಿಪ್ಪೆ ಬಿಟ್ಟು ಬೇರೇನೂ ಇರಲಿಲ್ಲ. ಡಾಕ್ಟರ ಹತ್ತಿರ ಕಳಿಸಿದೆ. ಎರಡು ದಿನಕ್ಕೆ ಇಳಿಯಿತು.

ಕಂಬಕ್ಕೆ ಅಮ್ಜದ್ ಒಂದು ಕೊಕ್ಕೆ ಬೆಸೆದುಕೊಟ್ಟ. ಸಾಚಿಕೊ ಅವರ ಚೀಲ ಅಲ್ಲಿ ನೇತುಹಾಕಿದ್ದೇನೆ. ಹನ್ನೆರಡು ಹೆಂಗಸರೂ ಒಳಗೆ ಹೋಗುವಾಗ ಅದನ್ನು ನೋಡಿಕೊಂಡು ಹೋಗುತ್ತಾರೆ. ಮೊನ್ನೆ ಅವರಲ್ಲೊಬ್ಬಳು, ಗೌರಮ್ಮ, ನಿಂತು ಚೀಲದ ಬಾಯಿ ಬಿಚ್ಚಿ ನೋಡಿದಳು.

"ಇದ್ಯಾಕಜ್ಜಿ, ಬೂಟು?"

"ನೆಲ ಅಲ್ಲಾಡಿದ್ರೆ ಹಾಕ್ಕೊಂಡು ಓಡಕ್ಕೆ."

"ನಮ್ಮೂರಲ್ಲಿ ಎಲ್ಲಿ ಅಲ್ಲಾಡ್ತದೆ ಬಿಡಜ್ಜಿ."

"ಅಲ್ಲಾಡದಿದ್ರೆ ಬೂಟು ಸವೆಯಲ್ಲ. ಒಳಗೆ ಹೋಗು, ಗೂಡು ಬೇಯ್ಸೋ ನೀರು ಕಾದಿದೆ."